ನೂರೈವತ್ತು ಡೆಸಿಬಲ್

ಜನವರಿ 11, ಗುರುವಾರ, ಬೆಳಿಗ್ಗೆ 11

ಹೊಸ ಆಂಪ್ಲಿಫೈಯರಿನ ಎರಡನೇ ರಿಂಗೂ ಮುಗಿಯಿತು. ಮಂಗಳಾ ಸುತ್ತಿದ್ದೆಂದರೆ ನಾನು ಮತ್ತೆ ಎಣಿಸುವುದಿಲ್ಲ. ದಪ್ಪ ಬಳೆಯಂಥ ಕಪ್ಪು ಕೋರ್, ಅದರ ಮೇಲೆ ತಾಮ್ರದ ತಂತಿ. ಬ್ಯಾಟರಿ ಕಡೆಗೆ ನಾಲ್ಕು ಸುತ್ತು, ಸ್ಪೀಕರ್ ಕಡೆಗೆ ಮೂವತ್ತಾರು. ಮದುವೆಯಾಗಿ ಹದಿನಾರು ವರ್ಷ, ಅಂಗಡಿ ತೆರೆದು ಹದಿನಾಲ್ಕು. ಬೋರ್ಡಿನಲ್ಲಿ ಮಾತ್ರ ನನ್ನ ಹೆಸರೊಂದೇ — ಚಲುವರಾಜು ಕಾರ್ ಆಡಿಯೋ, ಹುಣಸೂರು. ಬಂದವರಿಗೆಲ್ಲ ಅವಳು ಟೀ ತರುವ ಹೆಂಗಸು. ಟ್ರಾನ್ಸ್‌ಫಾರ್ಮರ್ ಸುತ್ತುವುದು ಅವಳೇ ಎಂದು ನಾನೂ ಇದುವರೆಗೆ ಯಾರಿಗೂ ಹೇಳಿಲ್ಲ.

ಗುರುಪುರದ ಮಾದೇಶನ ಫೋನು. ಅವನ ಕಾರು ನಮ್ಮ ಶೆಡ್ಡಿನಲ್ಲೇ ಇದೆ. "ಚಲುವಣ್ಣ, ಕೆ.ಆರ್. ನಗರದವನ ಗಾಡಿ ನೂರಾ ನಲವತ್ತೆಂಟು ಡೆಸಿಬಲ್ ಬಂದದಂತೆ ಕಣಣ್ಣ. ನಂದು ನೂರೈವತ್ತು ಆಗ್ಲೇಬೇಕು." ಸಂಕ್ರಾಂತಿ ಮಾರನೇ ದಿನ ಬಂದು ಒಯ್ಯುತ್ತಾನಂತೆ. ಆಗುತ್ತೆ ಬಾ ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಜನವರಿ 13, ಶನಿವಾರ, ಮಧ್ಯಾಹ್ನ

ಓಡಿತು! ಒಂದೂ ಟ್ರಾನ್ಸಿಸ್ಟರ್ ಸುಡಲಿಲ್ಲ.

ಖುಷಿಗೆ ಬರೆದಿಡುತ್ತೇನೆ. ಎಲ್ಲರ ಆಂಪ್‌ನಲ್ಲೂ ಎರಡು ಯಂತ್ರ. ಮೊದಲನೆಯದು ಬ್ಯಾಟರಿಯ ಹನ್ನೆರಡು ವೋಲ್ಟನ್ನು ನೂರಕ್ಕೆ ಏರಿಸಿ ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಡುತ್ತದೆ, ತಾರಸಿ ಮೇಲಿನ ಟ್ಯಾಂಕಿಗೆ ನೀರು ಏರಿಸಿದ ಹಾಗೆ. ಎರಡನೆಯದು ಹಾಡಿನ ಪ್ರಕಾರ ಆ ಟ್ಯಾಂಕಿನ ನಲ್ಲಿ ತಿರುಗಿಸುತ್ತದೆ. ನನ್ನದರಲ್ಲಿ ಟ್ಯಾಂಕೇ ಇಲ್ಲ. ಏರಿಸುವಾಗಲೇ ಹಾಡಾಗಿ ಏರಿಸುವುದು. ಬ್ಯಾಟರಿ ಕರೆಂಟನ್ನು ಸೆಕೆಂಡಿಗೆ ಐವತ್ತು ಸಾವಿರ ಸಲ ಕತ್ತರಿಸಿ ರಿಂಗಿಗೆ ಕೊಡುತ್ತೇನೆ. ಹಾಡು ಜೋರಾದಾಗ ತುಂಡು ಅಗಲ, ಮೆತ್ತಗಾದಾಗ ಕಿರಿದು. ರಿಂಗಿನ ಆಚೆ ಇನ್ನೊಂದು ಸಾಲು ಟ್ರಾನ್ಸಿಸ್ಟರ್ ಅದೇ ತಾಳದಲ್ಲಿ ತೆರೆದು ಮುಚ್ಚಿ ತುಂಡುಗಳನ್ನು ಜೋಡಿಸುತ್ತದೆ. ಒಂದು ದಪ್ಪ ಕಾಯಿಲ್ ಅದನ್ನು ನಯ ಮಾಡಿ ಸ್ಪೀಕರಿಗೆ ಕೊಡುತ್ತದೆ. ಬೇಸ್ ಬಾರಿಸುವ ಸಬ್‌ವೂಫರಿಗೆ ಮಾತ್ರ ಆಗುವ ಕೆಲಸ — ಏರುಸ್ವರ ಆ ಕಾಯಿಲ್ ದಾಟುವುದಿಲ್ಲ. ಇನ್ನೊಂದು ಮಜಾ: ಸ್ಪೀಕರ್ ವಾಪಸ್ ತಳ್ಳಿದ ಕರೆಂಟು ಬಿಸಿಯಾಗಿ ಹಾಳಾಗುವುದಿಲ್ಲ, ಬಂದ ದಾರಿಯಲ್ಲೇ ಬ್ಯಾಟರಿಗೆ ಹೋಗುತ್ತದೆ. ಒಂದು ಗಂಟೆ ಬಾರಿಸಿದೆ. ಡಬ್ಬ ಬೆಚ್ಚಗೆ, ಅಷ್ಟೇ.

ಮಂಗಳಾಗೆ ಇದನ್ನೆಲ್ಲ ಅರ್ಧ ಗಂಟೆ ಕೊರೆದೆ. ಕೇಳಿಸಿಕೊಂಡು ಹೇಳಿದಳು: "ಅಂಗಂದ್ರೆ ಸಂತೆಯಿಂದ ತಂದಿದ್ನ ಡಬ್ಬಕ್ಕೆ ತುಂಬ್ದೇನೆ ಸೀದಾ ಒಲೆ ಮ್ಯಾಕೆ ಆಕ್ದಂಗೆ." ಇನ್ನು ಮುಂದೆ ಗಿರಾಕಿಗಳಿಗೆ ಅವಳೇ ವಿವರಿಸಲಿ.

ಒಂದೇ ತೊಂದರೆ. ಟ್ಯಾಂಕ್ ಇದ್ದರೆ ಖಾಲಿಯಾಗುತ್ತ ಬಂದ ಹಾಗೆ ಸದ್ದು ತಾನೇ ಸೋಲುತ್ತದೆ. ಇದು ಹಾಗೆ ಸೋಲುವುದಿಲ್ಲ. ಅದಕ್ಕೇ ಲಿಮಿಟರ್ ಎಂಬ ಸಣ್ಣ ಬೋರ್ಡು ಇಟ್ಟಿದ್ದೇನೆ, ಅಳತೆ ಮೀರಿದರೆ ಹಿಂದಕ್ಕೆ ಜಗ್ಗಲಿಕ್ಕೆ. ಅದು ಇರುವವರೆಗೆ ಸೌಂಡ್ ಮೀಟರ್ 146 ದಾಟುತ್ತಿಲ್ಲ. ಒಂದು ವೈರ್ ಬಿಚ್ಚಿದರೆ ದಾಟುತ್ತದೆ…

ಜನವರಿ 14, ಭಾನುವಾರ, ಸಂಜೆ 4

ಬಂತು. 150.3! ಮೀಟರಿನ ಫೋಟೋ ಮಾದೇಶನಿಗೆ ಕಳಿಸಿದೆ. ಆಗಲೇ ಸ್ಟೇಟಸ್ ಹಾಕಿಕೊಂಡಿದ್ದಾನೆ.

ಮಂಗಳಾಗೆ ಕಿವಿ ಗುಂಯ್ ಅನ್ನುತ್ತಿದೆಯಂತೆ. ಬೆಳಿಗ್ಗೆಗೆ ಹೋಗುತ್ತದೆ.

ಜನವರಿ 15, ಸೋಮವಾರ

ಹೋಗಿಲ್ಲ. ಪಿರಿಯಾಪಟ್ಟಣದಿಂದ ಅವಳ ಅವ್ವ ಹಬ್ಬಕ್ಕೆ ಫೋನ್ ಮಾಡಿದ್ದರು. ಎಡಗಿವಿಗಿಟ್ಟುಕೊಂಡು "ಅಲೋ ಅಲೋ" ಅಂದಳು. "ಫೋನು ಕೆಟ್ಟೋಗದೆ ಕಣ್ರೀ, ನೋಡಿ." ಬಲಗಿವಿಗೆ ಇಟ್ಟುಕೊಂಡಾಗ ಕೇಳಿಸಿತು.

ನಿನ್ನೆ ಬರೆಯದೆ ಬಿಟ್ಟಿದ್ದನ್ನು ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲವಲ್ಲ.

ಲಿಮಿಟರ್ ವೈರ್ ಬಿಚ್ಚಿದೆ. ಬ್ಯಾಟರಿಯ ವೋಲ್ಟ್ ನೋಡಲು ನಾನು ಬಾನೆಟ್ ಹತ್ತಿರ, ಕೈಯಲ್ಲಿ ರಿಮೋಟ್. ಕಾರಿನೊಳಗೆ ಸೌಂಡ್ ಮೀಟರ್ ಹಿಡಿಯಲು ಒಬ್ಬರು ಬೇಕು. ಬಾಗಿಲು ತೆರೆದಿದ್ದರೆ ರೀಡಿಂಗ್ ಬಿದ್ದುಹೋಗುತ್ತದೆ. ಅವಳನ್ನು ಕೂರಿಸಿ ಗ್ಲಾಸು ಏರಿಸಿದೆ. ಕಿವಿಗೇನೂ ಆಗಲ್ಲ, ಬೇಸ್ ಎದೆಗೆ ಬಡಿಯುತ್ತೆ ಅಷ್ಟೇ ಎಂದೆ. ಈ ಕಸುಬಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಕಿವಿಗೆ ಹತ್ತಿ ಕೊಡಬೇಕೆಂದು ಕೂಡ ಹೊಳೆಯಲಿಲ್ಲ. ಮೊದಮೊದಲು ಗುಡುಗುಡು. ಆಮೇಲೆ ಅಳತೆ ಮೀರಿ ಹಾಡಿನ ಅಲೆಯ ತಲೆ ಕತ್ತರಿಸಿಹೋಗಿ ಕರ್ಕಶ ಸದ್ದು, ಹೊರಗಿದ್ದ ನನಗೇ ಹಲ್ಲು ಜುಮ್ಮೆಂದಿತು. ಗ್ಲಾಸಿನಾಚೆ ಮೀಟರಿನಲ್ಲಿ 149.1 ಕಾಣುತ್ತಿತ್ತು.

ಅವಳು ಗ್ಲಾಸು ಬಡಿದಳು. ನೋಡಿದೆ. ಸದ್ದು ನಿಲ್ಲಿಸುವ ಬಟನ್ ನನ್ನ ಬೆರಳ ಕೆಳಗೇ ಇತ್ತು. ಒಂದು ಬೆರಳು ಎತ್ತಿ ತೋರಿಸಿದೆ — ಒಂದೇ ನಿಮಿಷ. ವಾಲ್ಯೂಮ್ ಏರಿಸಿದೆ.

ಅವಳು ಮೀಟರ್ ಬಿಡಲಿಲ್ಲ. ನಾನು ಹೇಳಿದ್ದೇನೆಂದು ಹಿಡಿದೇ ಇದ್ದಳು.

ಜನವರಿ 17, ಬುಧವಾರ

ನಿನ್ನೆ ಮಾದೇಶ ಕಾರು ಒಯ್ದ. ಅವನು ಬರುವ ಮೊದಲು ಲಿಮಿಟರ್ ವೈರ್ ಬೆಸುಗೆ ಹಾಕಿ ಸೀಲ್ ಮಾಡಿದೆ. ಅವನ ಮಕ್ಕಳು ಕೂರುವ ಕಾರು. ಆ ಬುದ್ಧಿ ಭಾನುವಾರ ಎಲ್ಲಿ ಹೋಗಿತ್ತು?

ಇವತ್ತು ಕಿವಿ ಡಾಕ್ಟರ್ ನೀಲಾಂಬಿಕೆಯವರ ಕ್ಲಿನಿಕ್. ಮಂಗಳಾಳ ಅಣ್ಣ ಬಸವರಾಜು ತನ್ನ ಗಾಡಿಯಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಅವನ ಹಳೇ ರಾಗ: "ಏನ್ ಭಾವ, ಇನ್ನೂ ಡಬ್ಬ ಬಡ್ಕಂಡೇ ಕುಂತಿದ್ದೀರಾ?" ಡಾಕ್ಟರ ಮುಂದೆಯೂ ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತ.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಜೋರು ಶಬ್ದ ಏನಾದ್ರೂ ಆಗಿತ್ತಾ? ಪಟಾಕಿ, ಮೈಕು?"

ಮಂಗಳಾ ನನ್ನ ಮುಖ ನೋಡಿದಳು. ಬಸವರಾಜುವೂ ನೋಡಿದ.

"ಇಲ್ಲ ಮೇಡಂ, ಅಂಥದ್ದೇನೂ ಇಲ್ಲ. ನೆಗಡಿ ಆಗಿತ್ತು," ಎಂದೆ.

ಮಂಗಳಾ ತಲೆ ಅಲ್ಲಾಡಿಸಿದಳು. "ಊಂ, ನೆಗಡಿ." ಮೂಗಿಗೆ ಡ್ರಾಪ್ಸ್, ಮಾತ್ರೆ. ನಾಲ್ಕು ದಿನದಲ್ಲಿ ಸರಿಹೋಗದಿದ್ದರೆ ತಪ್ಪದೆ ಬನ್ನಿ, ಮೈಸೂರಿನಲ್ಲಿ ಟೆಸ್ಟ್ ಮಾಡಿಸಬೇಕು ಎಂದರು.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

ಜನವರಿ 18, ಗುರುವಾರ

ಡ್ರಾಪ್ಸ್ ಹಾಕಿದೆ. ಎರಡೆರಡು ತೊಟ್ಟು. ಇಲ್ಲದ ನೆಗಡಿಗೆ.

ಫೆಬ್ರವರಿ 6, ಮಂಗಳವಾರ

ನಾಲ್ಕು ದಿನಕ್ಕೆ ಹೋಗಲಿಲ್ಲ. ಹೋದರೆ ಅದೇ ಪ್ರಶ್ನೆ ಮತ್ತೆ ಬರುತ್ತಿತ್ತು. ನಾಳೆ, ನಾಡಿದ್ದು ಎಂದು ತಳ್ಳಿದೆ. ಅವಳೂ "ಸರಿಹೋಯ್ತದೆ ಬುಡಿ" ಅಂದಳು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೊನ್ನೆ ಬಸ್ ಸ್ಟ್ಯಾಂಡ್ ಮುಂದೆ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಆಟೋ ಅವಳ ಸೆರಗು ಸವರಿಕೊಂಡು ಹೋಯಿತು. ಅಷ್ಟು ಹಾರ್ನ್ ಹೊಡೆದರೂ ತಿರುಗಲಿಲ್ಲ. ಡ್ರೈವರ್ ಬೈದ — "ಕಿವುಡೀನಾ ನೀನು?" ಅವಳು ನಕ್ಕಳು. ನಾನು ಕೈ ಹಿಡಿದು ರಸ್ತೆ ದಾಟಿಸಿದೆ.

ನಿನ್ನೆ ಮೈಸೂರಿಗೆ ಕರೆದೊಯ್ದು ಟೆಸ್ಟ್ ಮಾಡಿಸಿದೆ. ಗಾಜಿನ ಕೋಣೆ, ಹೆಡ್‌ಫೋನು. ಶಬ್ದ ಕೇಳಿದಾಗ ಬಟನ್ ಒತ್ತಬೇಕು. ಬಲಗಿವಿಗೆ ಬೇಗ ಬೇಗ ಒತ್ತಿದಳು. ಎಡಗಿವಿಯ ಸರದಿ ಬಂದಾಗ ಕೈ ಹಾಗೇ ತೊಡೆಯ ಮೇಲಿತ್ತು. ಇನ್ನೂ ಶುರುವೇ ಆಗಿಲ್ಲ ಅಂದುಕೊಂಡಿದ್ದಳಂತೆ.

ಮಾದೇಶನ ಸ್ಟೇಟಸ್ ನೋಡಿ ಎಚ್.ಡಿ. ಕೋಟೆಯಿಂದ ಇಬ್ಬರು ಬಂದಿದ್ದರು. ಅದೇ ಆಂಪ್ ಬೇಕಂತೆ. ಫೋಟೋದಲ್ಲಿ ಮೀಟರಿನ ಜೊತೆ ಅವಳ ಹೆಬ್ಬೆರಳು, ಎರಡು ಹಸಿರು ಬಳೆ ಕಾಣುತ್ತವೆ. ಅವರು ಅಂಕಿ ಮಾತ್ರ ನೋಡಿದರು. ನೂರೈವತ್ತು ಇಲ್ಲ, ನೂರಾ ನಲವತ್ತಾರಷ್ಟೇ ಎಂದೆ. ಒಬ್ಬ ಒಪ್ಪಿದ, ಒಬ್ಬ ಎದ್ದುಹೋದ.

ಫೆಬ್ರವರಿ 7, ಬುಧವಾರ, ಬೆಳಿಗ್ಗೆ

ರಿಪೋರ್ಟ್ ಹಿಡಿದು ಒಬ್ಬನೇ ನೀಲಾಂಬಿಕೆಯವರ ಹತ್ತಿರ ಹೋದೆ. ಎಲ್ಲ ಹೇಳಿದೆ. ಕಾರು, ಗ್ಲಾಸು, ಬೆರಳು ಎತ್ತಿದ್ದು. ನೆಗಡಿ ಸುಳ್ಳು ಎಂದೂ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದಿಟ್ಟರು.

"ಅವತ್ತು ಮೂರನೇ ದಿನ, ಅಲ್ವಾ? ಅವತ್ತೇ ಹೇಳಿದ್ರೆ ಅವತ್ತೇ ಸ್ಟೀರಾಯ್ಡ್ ಶುರು ಮಾಡ್ತಿದ್ದೆ. ಪೂರ್ತಿ ಬರ್ತಿತ್ತು ಅಂತ ಹೇಳಲ್ಲ. ಒಂದಷ್ಟು ಉಳೀಬಹುದಿತ್ತು."

"ಈಗ ಕೊಟ್ರೆ ಮೇಡಂ?"

"ಕೊಡ್ತೀನಿ. ಹೆಚ್ಚು ಆಸೆ ಇಟ್ಕೋಬೇಡಿ. ಅವರಿಗೆ ಇದೆಲ್ಲ ಗೊತ್ತಾ?"

ಕಾರಿನ ಸದ್ದಿನಿಂದ ಆಯಿತೆಂದು ಮಂಗಳಾಗೆ ಗೊತ್ತು. ಅವತ್ತು ನಿಜ ಹೇಳಿದ್ದರೆ ಔಷಧಿ ಇತ್ತೆಂದು ಗೊತ್ತಿಲ್ಲ. ಹೇಳುತ್ತೇನೆ ಎಂದು ಎದ್ದು ಬಂದೆ.

ಫೆಬ್ರವರಿ 8, ಗುರುವಾರ

ಹೇಳಲಿಲ್ಲ. ಮಾತ್ರೆ ಕೊಟ್ಟೆ. ಅವಳೇ ನನಗೆ ಸಮಾಧಾನ ಮಾಡಿದಳು.

"ಯಾಕ್ರೀ ಇಂಗೆ ಕುಂತಿದ್ದೀರಿ? ನೀವೇನು ಬೇಕಂತ ಮಾಡುದ್ರಾ? ಆವತ್ತು ನಮ್ಮಣ್ಣನ ಮುಂದೆ ಏಳ್ದೆ ಇದ್ದುದ್ದೇ ಒಳ್ಳೇದಾಯ್ತು. ಇಲ್ದಿದ್ರೆ ಅವನು ನಿಮ್ಮುನ್ನ ಜನ್ಮ ಪೂರ್ತಿ ಆಡ್ಕತಿದ್ದ."

ಅವಳ ಅಣ್ಣ ನಾಲ್ಕು ದಿನ ಆಡಿಕೊಳ್ಳುತ್ತಾನೆಂದು ನಾನು ಅವಳ ಕಿವಿ ಬಿಟ್ಟುಕೊಟ್ಟೆ. ಅದನ್ನು ಅವಳು ಒಳ್ಳೆಯದಾಯಿತು ಅನ್ನುತ್ತಾಳೆ.

ಫೆಬ್ರವರಿ 9, ಶುಕ್ರವಾರ, ಮಧ್ಯಾಹ್ನ 3

ಹೇಳಿದೆ.

ಕೋಟೆಯವನ ರಿಂಗು ಸುತ್ತುತ್ತ ಬೆಂಚಿನಲ್ಲಿ ಕೂತಿದ್ದಳು. ಪಕ್ಕದ ಸ್ಟೂಲಿನಲ್ಲಿ ಕೂತೆ. ಅವಳ ಮುಖ ನೋಡದೆ, ನೆಲ ನೋಡುತ್ತ ಎಲ್ಲ ಹೇಳಿದೆ. ಔಷಧಿ ಇತ್ತು, ನನ್ನ ಸುಳ್ಳಿನಿಂದ ತಪ್ಪಿಹೋಯಿತು ಎಂದು. ನಿನ್ನ ಅಣ್ಣನಿಗೆ ಹೆದರಿದೆ, ನಾಚಿಕೆಗೆ ಹೆದರಿದೆ, ನಿನಗಿಂತ ಅದೇ ದೊಡ್ಡದಾಯಿತು ನನಗೆ ಎಂದು. ಧ್ವನಿ ಮೇಲೇಳಲಿಲ್ಲ. ಆದರೂ ಒಂದನ್ನೂ ಬಿಡದೆ ಹೇಳಿದೆ. ಕಣ್ಣಲ್ಲಿ ನೀರು ಬಂತು. ಎದೆ ಹಗುರ ಕೂಡ ಆಯಿತು, ನಾಚಿಕೆಗೆಟ್ಟ ಎದೆ.

ತಲೆ ಎತ್ತಿ ನೋಡಿದೆ. ಅವಳು ತಂತಿ ಎಳೆದು ಸುತ್ತುತ್ತಲೇ ಇದ್ದಳು. ತುಟಿ ಎಣಿಸುತ್ತಿತ್ತು. ಕೊನೆಯ ಸುತ್ತು ಬಿಗಿದು ನನ್ನ ಕಡೆ ತಿರುಗಿದಳು.

"ನೀವು ಯಾವಾಗ್ ಬಂದ್ರಿ? ಏನಾರ ಅಂದ್ರಾ?"

"ಏನಿಲ್ಲ," ಎಂದೆ.

ನಾನು ಕೂತಿದ್ದು ಅವಳ ಎಡಗಡೆ. ಬಲಗಡೆಯೂ ಒಂದು ಸ್ಟೂಲ್ ಇತ್ತು, ಖಾಲಿ. ಇಪ್ಪತ್ತಾರು ದಿನದಿಂದ ಅವಳ ಬಲಗಡೆ ನಿಂತೇ ಮಾತಾಡುತ್ತಿದ್ದೇನೆ, ಉಪ್ಪು ಕೇಳಲಿಕ್ಕೂ. ಇವತ್ತು ಕಾಲು ತಾನಾಗಿ ಎಡಕ್ಕೆ ಹೋಯಿತು ಎಂದರೆ ನಾನೇ ನಂಬುವುದಿಲ್ಲ.

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬರೆಯುವುದೂ ತಪ್ಪಿಸಿಕೊಳ್ಳುವುದೇ. ಅವಳು ಇನ್ನೂ ಅಲ್ಲೇ ಇದ್ದಾಳೆ, ತಂತಿಯ ಚೂರು ಗುಡಿಸುತ್ತಿದ್ದಾಳೆ. ಏಳಬೇಕು. ಬಲಗಡೆ ಹೋಗಿ, ಮುಖ ನೋಡಿ, ಮೊದಲಿನಿಂದ —