ಶನಿವಾರ ಲೈನ್ ಹಿಡಿದವಳು

ಅಪ್ಪಾ,

ಶಾಲೆಯಲ್ಲಿ ಕಲಿಸಿದ ಹಾಗೆ ‘ತೀರ್ಥರೂಪರಿಗೆ’ ಎಂದು ಶುರು ಮಾಡಿದ್ದೆ, ಹೊಡೆದು ಹಾಕಿದೆ. ಹಾಗೆ ಬರೆದರೆ ನಿನ್ನನ್ನು ‘ತಾವು’ ಎನ್ನಬೇಕಾಗುತ್ತದೆ. ‘ತಾವು’ ಎಂದ ಮೇಲೆ ಜಗಳ ಆಡಲಾಗುವುದಿಲ್ಲ. ಇವತ್ತು ನಾನು ಜಗಳಕ್ಕೇ ಕೂತಿದ್ದೇನೆ. ಗುಬ್ಬಿ ಹಾಲು ಕುಡಿದು ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಎಡಗೈ ಅವಳ ತಲೆಯ ಕೆಳಗೆ, ಬಲಗೈಯಲ್ಲಿ ಪೆನ್ನು. ಅಕ್ಷರ ಸೊಟ್ಟಗಾದರೆ ನಿನ್ನ ಮೊಮ್ಮಗಳನ್ನು ಬೈದುಕೋ.

ಹತ್ತೊಂಬತ್ತು ದಿನದಿಂದ ನಾನು ಲ್ಯಾಬಿಗೆ ಫೋನ್ ಮಾಡಿಲ್ಲ. “ಅವಳಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳೀಲಿಲ್ವಾ?” ಎಂದು ನಿನ್ನ ಅಳಿಯನನ್ನು ಕೇಳಿದೆಯಂತೆ. ಸಿಟ್ಟಲ್ಲ ಅಪ್ಪಾ, ಭಯ. ಯಾತರ ಭಯ ಎಂದು ಭಾನುವಾರ ನೀನು ಬಂದಾಗ ಹೇಳೋಣವೆಂದರೆ, ಲ್ಯಾಬಿನ ಫೋನ್ ಲೈನ್ ಬದಲಿಸುವ ಮಾತು ತೆಗೆದ ಕೂಡಲೇ ಮಗುವನ್ನು ನನ್ನ ಕೈಗಿತ್ತು ಚಪ್ಪಲಿ ಹುಡುಕುತ್ತೀಯ. ಕಾಗದಕ್ಕೆ ಆ ತೊಂದರೆಯಿಲ್ಲ. ಚಪ್ಪಲಿ ಹಾಕಿಕೊಂಡೂ ಓದಬಹುದು.

ನಡೆದದ್ದನ್ನು ಸಾಲಾಗಿ ಬರೆಯುತ್ತೇನೆ. ಅರ್ಧ ನಿನಗೆ ಗೊತ್ತು. ಇನ್ನರ್ಧ ನನ್ನ ಹೊಟ್ಟೆಯಲ್ಲೇ ಇದೆ.

ಗುಬ್ಬಿ ಹುಟ್ಟಿದ ಮೂರನೆಯ ದಿನ ಅವಳ ಹಿಮ್ಮಡಿ ಚುಚ್ಚಿ ರಕ್ತ ತೆಗೆದವನು ನೀನೇ. ಮೂವತ್ತು ವರ್ಷ ಊರವರ ರಕ್ತ ತೆಗೆದ ಕೈ ಅವತ್ತು ನಡುಗಿತು. “ಸೂಜಿ ಯಾಕೋ ಮೊಂಡು” ಎಂದೆ. ಸೂಜಿ ಹೊಸದು, ನಾನು ನೋಡಿದ್ದೆ. ನಿನ್ನ ಒಂದು ಕೋಣೆಯ ಲ್ಯಾಬಿನಲ್ಲಿ ಆ ಪರೀಕ್ಷೆ ಆಗುವುದಿಲ್ಲ, ದೊಡ್ಡ ಲ್ಯಾಬಿಗೆ ಕಳಿಸಿದೆ. ವರದಿ ಶನಿವಾರ ಫ್ಯಾಕ್ಸ್‌ನಲ್ಲಿ ಬರುತ್ತದೆ ಎಂದೆ.

ಶನಿವಾರ ಬೆಳಿಗ್ಗೆಯಿಂದ ನನಗೆ ಒಂದೇ ಸಮನೆ ಕಳವಳ. ಮಗು ಹಾಲು ಕುಡಿಯುತ್ತಲೇ ತೂಕಡಿಸುತ್ತಿತ್ತು, ಅಳುವೂ ಸಣ್ಣದು. “ಒಳ್ಳೆ ಮಗು, ಸದ್ದೇ ಇಲ್ಲ” ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆಯೇ ನನಗೆ ಮುಳ್ಳಾಗಿತ್ತು. ನಿನಗೆ ಫೋನ್ ಮಾಡಿದೆ. “ಬಂತಾ?” “ಇಲ್ಲಮ್ಮ.” ಇಟ್ಟೆ. ಮತ್ತೆ ಮಾಡಿದೆ. ಆ ಬೆಳಿಗ್ಗೆ ಆರು ಸಲ. ಒಮ್ಮೆಯೂ ನೀನು “ಇಡು, ಕೆಲಸ ಇದೆ” ಎನ್ನಲಿಲ್ಲ. ನಾನು ಹುಟ್ಟಿದಾಗ ಮೂರು ದಿನ ಕಣ್ಣೇ ಬಿಟ್ಟಿರಲಿಲ್ಲ ಎಂದು ನೀನೇ ಮಾತು ತೆಗೆದೆ. ಅಮ್ಮ ಅತ್ತಿದ್ದು, ನೀನು ಧೈರ್ಯ ಹೇಳಲು ಹೋಗಿ ನೀನೇ ಅತ್ತಿದ್ದು, ಎಲ್ಲ ಹೇಳಿದೆ. ಕೊನೆಯ ಸಲ ಇಪ್ಪತ್ತೆರಡು ನಿಮಿಷ ಮಾತಾಡಿದೆವು. ನಾನು ನಕ್ಕ ಮೇಲೆಯೇ ನೀನು ಫೋನ್ ಇಟ್ಟದ್ದು. ಒಂದು ಗಂಟೆಗೆ ನೀನು ಲ್ಯಾಬ್ ಮುಚ್ಚಿದೆ. ಸಿಡಿಲಿಗೆ ಹಳೆಯ ಯಂತ್ರ ಸುಟ್ಟ ವರ್ಷದಿಂದ ಮಾಡುವ ಹಾಗೆ, ಮರೆಯದೆ ಫ್ಯಾಕ್ಸ್ ಯಂತ್ರದ ಪ್ಲಗ್ ಕಿತ್ತು ಮನೆಗೆ ಹೋದೆ.

ವರದಿ ಬಂದದ್ದು ಸೋಮವಾರ ಒಂಬತ್ತೂ ಕಾಲಿಗೆ. ಥೈರಾಯ್ಡ್ ತೀರಾ ಕಡಿಮೆ. ನೀನು ಸುರುಳಿಯಾದ ಆ ಕಾಗದ ಹಿಡಿದು, ಲ್ಯಾಬ್ ತೆರೆದೇ ಬಿಟ್ಟು, ಒಂದು ಕೈಗೆ ಗ್ಲೌಸ್ ಹಾಕಿಕೊಂಡೇ ನಮ್ಮ ಬಾಗಿಲಿಗೆ ಬಂದಿದ್ದೆ. ಡಾಕ್ಟರಮ್ಮ ಅವತ್ತೇ ಮಾತ್ರೆ ಶುರು ಮಾಡಿದರು. “ಎರಡು ದಿನದಲ್ಲಿ ಏನೂ ಕೆಟ್ಟಿಲ್ಲ. ಅದೇ ಎರಡು ತಿಂಗಳಾಗಿದ್ರೆ ನಾನು ಹೀಗೆ ನಗ್ತಾ ಹೇಳ್ತಿರಲಿಲ್ಲ” ಎಂದರು. ನೀನು ಆ ಮೊದಲ ಮಾತು ಹಿಡಿದುಕೊಂಡು ಮನೆಗೆ ಹೋದೆ. ನಾನು ಎರಡನೆಯದನ್ನು ಹಿಡಿದುಕೊಂಡು ಇವತ್ತಿಗೂ ನಿದ್ದೆಗೆಟ್ಟು ಕೂತಿದ್ದೇನೆ.

ಇಲ್ಲಿಯವರೆಗೆ ನಿನಗೆ ಗೊತ್ತಿರುವುದು.

ಆ ಗುರುವಾರ ದೊಡ್ಡ ಲ್ಯಾಬಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅಲ್ಲಿಯ ಹುಡುಗಿ ತಾಳ್ಮೆಯವಳು. “ಮೇಡಂ, ಶನಿವಾರ ಬೆಳಿಗ್ಗೆಯೇ ಐದು ಸಲ ಕಳಿಸಿದ್ವಿ. ಐದು ಸಲವೂ ಎಂಗೇಜ್. ಮಧ್ಯಾಹ್ನದ ಮೇಲೆ ಬರೀ ರಿಂಗ್, ಫ್ಯಾಕ್ಸ್ ಎತ್ತಲೇ ಇಲ್ಲ. ಟೈಮ್ ಹೇಳ್ತೀನಿ, ಬರ್ಕೊಳ್ಳಿ” ಎಂದಳು. ಬರೆದುಕೊಂಡೆ. ಆಮೇಲೆ ನನ್ನ ಫೋನಿನಲ್ಲಿ ಶನಿವಾರದ ಕರೆಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅವರ ಐದೂ ಹೊತ್ತು ನನ್ನ ಕರೆಗಳ ಹೊಟ್ಟೆಯೊಳಗೇ ಇದ್ದವು. ನೀನು ಅಮ್ಮ ಅತ್ತ ಕಥೆ ಹೇಳುತ್ತಿದ್ದಾಗ ಎರಡು ಸಲ ಆ ವರದಿ ಬಾಗಿಲು ತಟ್ಟಿ ಹೋಗಿದೆ.

ನಿನ್ನ ಫೋನಿಗೂ ಫ್ಯಾಕ್ಸಿಗೂ ಇರುವುದು ಒಂದೇ ಲೈನು. ವರದಿ ಬಂತಾ ಬಂತಾ ಎಂದು ಕೇಳುತ್ತಾ ಅದು ಬರುವ ದಾರಿಗೆ ಅಡ್ಡ ಕೂತಿದ್ದವಳು ನಾನೇ.

ಇದನ್ನು ನಿನ್ನ ಅಳಿಯನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ನೀನಂತೂ ಪ್ಲಗ್ ಕಿತ್ತದ್ದೇ ತಪ್ಪು ಎಂದು ಒಬ್ಬನೇ ಕೊರಗುತ್ತಿದ್ದೀಯ. ಅರ್ಧ ತಪ್ಪು ನಿನ್ನ ಪ್ಲಗ್ಗಿನದು, ಅರ್ಧ ನನ್ನ ಬಾಯಿಯದು. ಹಂಚಿಕೊಳ್ಳೋಣ. ಆದರೆ ಹಂಚಿಕೊಂಡು ಸುಮ್ಮನಿರಲು ನಾನು ಸಿದ್ಧಳಿಲ್ಲ.

ಫೋನ್, ಫ್ಯಾಕ್ಸ್ ಎರಡನ್ನೂ ಇಂಟರ್‌ನೆಟ್ ಮೂಲಕ ನಡೆಸುವ ಲೈನ್ ಹಾಕುವ ಒಬ್ಬಾಕೆಯನ್ನು ಮನೆಗೆ ಕರೆಸಿದೆ. ಹೇಳಿದ್ದನ್ನು ನಂಬದೆ ಮತ್ತೊಂದು ಸಲ ಪರೀಕ್ಷೆ ಮಾಡುವವನ ಮಗಳು ನಾನು. “ಮೊದಲು ತೋರ್ಸಿ” ಎಂದೆ. ಅವಳು ನನ್ನ ಮೊಬೈಲಿಗೆ ಒಂದು ತಾತ್ಕಾಲಿಕ ನಂಬರ್ ಹಾಕಿಕೊಟ್ಟಳು. ನಿನ್ನ ಅಳಿಯ ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಆ ನಂಬರಿಗೆ ಫೋನ್ ಮಾಡಿದರು. ನಾನು ಮಾತಾಡುತ್ತಲೇ ಇದ್ದೆ. ಅವರು ಅಲ್ಲಿಂದಲೇ ಅದೇ ನಂಬರಿಗೆ ನಿನ್ನದೊಂದು ಹಳೆಯ ವರದಿಯನ್ನು ಫ್ಯಾಕ್ಸ್ ಮಾಡಿಸಿದರು. ಮಾತು ತುಂಡಾಗಲಿಲ್ಲ. ವರದಿ ಮೇಲ್‌ನಲ್ಲಿ ಬಂದು ಕೂತಿತು. ದಶಮಾಂಶದ ಚುಕ್ಕಿ ಕೂಡ ಚೊಕ್ಕವಾಗಿ ಕಾಣುತ್ತಿತ್ತು. ನಿನ್ನ ಯಂತ್ರದ ಕಾಗದದಲ್ಲಿ ಅದು ಚುಕ್ಕಿಯೋ ನೊಣ ಕೂತ ಗುರುತೋ ಎಂದು ನೀನೇ ಭೂತಗನ್ನಡಿ ಹಿಡಿಯುತ್ತೀಯಲ್ಲ!

ಸಾಲದ್ದಕ್ಕೆ ಅದೇ ಹೊತ್ತಿಗೆ ಆಕೆಯೂ ತನ್ನ ಫೋನಿನಿಂದ ಕರೆ ಮಾಡಿದಳು. ಅದೂ ರಿಂಗಾಯಿತು. ಎಂಗೇಜ್ ಎನ್ನುವ ಸದ್ದೇ ಇಲ್ಲ ಅಪ್ಪಾ. ನೀನು ರಕ್ತ ತೆಗೆಯುತ್ತಿದ್ದರೆ ಕರೆಯನ್ನು ನಾನು ಇಲ್ಲಿಂದಲೇ ಎತ್ತಬಹುದು, ಮಗು ತೊಡೆಯ ಮೇಲಿದ್ದರೂ. ಲ್ಯಾಬಿಗೆ ಬೀಗ ಹಾಕಿದ್ದರೂ, ನೀನು ಪ್ಲಗ್ ಕಿತ್ತರೂ ವರದಿ ನಿಲ್ಲುವುದಿಲ್ಲ, ನಿನಗೂ ನನಗೂ ಒಟ್ಟಿಗೇ ಬರುತ್ತದೆ. ಡಾಕ್ಟರಮ್ಮನಿಗೆ ಅಲ್ಲಿಂದಲೇ ಕಳಿಸಬಹುದು. ರೋಲ್ ಮುಗಿಯುವ ಗೋಳಿಲ್ಲ, ಅಕ್ಷರ ಮಾಸುವುದಿಲ್ಲ. ಆಮೇಲೆ ಆ ಎದುರುಮನೆಯ ಅಜ್ಜಿ! ಸಕ್ಕರೆ ಪರೀಕ್ಷೆಗೆ ಬಂದು ಕೂತವಳು ಟ್ರೇಯಲ್ಲಿದ್ದ ವರದಿ ಓದಿ, ಟೈಲರನ ಹೆಂಡತಿ ಬಸುರಿ ಎಂದು ಟೈಲರನಿಗಿಂತ ಮೊದಲೇ ಊರಿಗೆಲ್ಲ ಹೇಳಿದ್ದು ನೆನಪಿದೆಯಲ್ಲ? ಇನ್ನು ಪಾಸ್‌ವರ್ಡ್ ಇಲ್ಲದೆ ಅಜ್ಜಿಗೆ ಏನೂ ಸಿಗುವುದಿಲ್ಲ.

ನಿನ್ನ ಮಾತೂ ನನಗೆ ಗೊತ್ತು. “ಕರೆಂಟ್ ಹೋದ್ರೆ ನಿನ್ನ ಇಂಟರ್‌ನೆಟ್ಟೂ ಹೋಯ್ತು, ನಿನ್ನ ಫೋನೂ ಹೋಯ್ತು. ನನ್ನದು ನೋಡು, ಕತ್ತಲಲ್ಲೂ ಟ್ರಿಣ್ ಅನ್ನುತ್ತೆ.” ಒಪ್ಪಿದೆ. ಅದು ಸುಳ್ಳಲ್ಲ, ಆಕೆಯೂ ಒಪ್ಪಿದಳು. ಅದಕ್ಕೇ ಇಂಟರ್‌ನೆಟ್ ಡಬ್ಬಿಯನ್ನು ರಕ್ತದ ಫ್ರಿಜ್ಜಿನ ಬ್ಯಾಟರಿಗೇ ಸೇರಿಸುತ್ತಾರೆ. ಅದೂ ಕೈಕೊಟ್ಟರೆ ಕರೆ ತಾನಾಗಿ ನಿನ್ನ ಮೊಬೈಲಿಗೆ ಹೋಗುತ್ತದೆ. ಅದನ್ನು ಡ್ರಾಯರಿನಿಂದ ಎತ್ತಿ ಜೇಬಿಗೆ ಹಾಕಿಕೊಳ್ಳುವ ಕೆಲಸ ಮಾತ್ರ ನಿನ್ನದು. ಲ್ಯಾಬಿನ ನಂಬರ್ ಊರಿಗೆಲ್ಲ ಬಾಯಿಪಾಠ ಎನ್ನುತ್ತೀಯ. ನಂಬರ್ ಬದಲಾಗುವುದಿಲ್ಲ, ಅದನ್ನೇ ಹೊಸ ಲೈನಿಗೆ ತರಬಹುದು. ಒಂದು ಅರ್ಜಿ ಕೊಡಬೇಕು, ಅಷ್ಟೆ.

ಆ ಅರ್ಜಿಯ ಹತ್ತಿರವೇ ನೀನು ನಿಂತುಬಿಡುತ್ತೀಯ. ಯಾಕೆಂದು ಮೊದಲು ನನಗೆ ತಿಳಿದಿರಲಿಲ್ಲ. “ನಿಮ್ಮಪ್ಪನಿಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ” ಎಂದು ನಿನ್ನ ಅಳಿಯ ಎಂದಾಗ ನಾನೂ ನಕ್ಕಿದ್ದೆ. ಹೋದ ವಾರ ಮಗುವಿನ ಹಳೆಯ ವರದಿ ತರಲು ಲ್ಯಾಬಿಗೆ ಹೋದವಳು, ನೀನು ಹೊರಗಿದ್ದಾಗ, ತಪ್ಪಿ ಕೆಳಗಿನ ಡ್ರಾಯರ್ ಎಳೆದೆ. ಟೆಲಿಫೋನ್ ಬಿಲ್ಲುಗಳು. ಒಂದೊಂದರ ಲಕೋಟೆಯನ್ನೂ ಬ್ಲೇಡಿನಿಂದ ನೀಟಾಗಿ ಸೀಳಿ, ಬಿಲ್ಲಿನ ಮಡಿಕೆ ತೀಡಿ ಜೋಡಿಸಿಟ್ಟಿದ್ದೀಯ. ಎಲ್ಲದರ ಮೇಲೂ ಅಮ್ಮನ ಹೆಸರು. ಅಮ್ಮ ಹೋಗಿ ಆರು ವರ್ಷವಾಯಿತು. ಬ್ಯಾಂಕಿನಿಂದ, ಮನೆಪತ್ರದಿಂದ, ಎಲ್ಲ ಕಡೆಯಿಂದ ಅವಳ ಹೆಸರು ತೆಗೆಸಿದ್ದಾಯಿತು. ಈ ಒಂದು ಕಡೆ ಮಾತ್ರ ನೀನು ಅವಳ ಮರಣಪತ್ರ ಕೊಟ್ಟಿಲ್ಲ. ತಿಂಗಳಿಗೊಂದು ಸಲ ಅಮ್ಮನಿಗೆ ಕಾಗದ ಬರುತ್ತದೆ. ಅದು ನಿಂತುಹೋಗುತ್ತದೆ ಎಂದು ನಿನಗೆ ಹೆದರಿಕೆ.

ಅಪ್ಪಾ, ಡ್ರಾಯರ್ ಮುಚ್ಚಿ ತುಂಬಾ ಹೊತ್ತು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಅರ್ಜಿ ಹರಿದು ಹಾಕೋಣ ಎನಿಸಿತು. ಆಗ ನೆನಪಾದದ್ದೂ ಅಮ್ಮನೇ.

ಹೈಸ್ಕೂಲಿನಲ್ಲಿದ್ದಾಗ ಸಂಜೆ ಲ್ಯಾಬಿಗೆ ಬಂದು ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದೆನಲ್ಲ? ಅಮ್ಮ ಬಂದು ಕೈಮೇಲೆ ಪಟ್ ಎಂದು ಕೊಡುತ್ತಿದ್ದಳು. “ಇಡು ಕೆಳಗೆ! ಯಾರ ಮನೆಯ ವರದಿ ಬರೋದಿದೆಯೋ. ನಿನ್ನ ಹಾಳು ಹರಟೆಗೆ ಇನ್ನೊಬ್ಬರ ಜೀವ ಕಾಯಬೇಕಾ?” ನಿನ್ನನ್ನೂ ಬಿಡುತ್ತಿರಲಿಲ್ಲ. “ಲೈನು ನನ್ನ ಹೆಸರಲ್ಲಿದೆ, ನನ್ನ ಮಾತು ಕೇಳಿ” ಎನ್ನುತ್ತಿದ್ದಳು. ಫೋನ್ ಎತ್ತಿದರೆ ಅವಳು ಹಲೋ ಎಂದವಳೇ ಅಲ್ಲ, ನಮ್ಮ ನಂಬರಿನ ಕೊನೆಯ ಮೂರಂಕಿ ಹೇಳುತ್ತಿದ್ದಳು. “ಏಳು ಎರಡು ಆರು, ಬೇಗ ಹೇಳಿ” ಎನ್ನುತ್ತಿದ್ದಳು. ಅವಳಿದ್ದಿದ್ದರೆ ಆ ಶನಿವಾರ ಎರಡನೆಯ ಕರೆಗೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳ ಹೆಸರಿನ ಲೈನಿನಲ್ಲೇ ಅವಳ ಮೊಮ್ಮಗಳ ವರದಿ ಎರಡು ದಿನ ನಿಂತಿತು. ನಾವು ಉಳಿಸಿಕೊಂಡದ್ದು ಅವಳ ಹೆಸರನ್ನು, ಬಿಟ್ಟದ್ದು ಅವಳ ಮಾತನ್ನು.

ಅಪ್ಪ ಹಾಕಿದ ಆಲದ ಮರ ಅಂತ ನೇಣು ಹಾಕಿಕೊಳ್ಳೋದಾ ಎನ್ನುತ್ತಾರೆ. ನೀನು ಹಾಕಿದ ಮರದ ನೆರಳಲ್ಲೇ ಬೆಳೆದವಳು ನಾನು, ಮರ ಕಡಿಯಲು ಬಂದಿಲ್ಲ. ಹಗ್ಗ ಬಿಚ್ಚಲು ಬಂದಿದ್ದೇನೆ.

ಈ ವಾರ ಇನ್ನೂ ನಾಲ್ಕು ಮಕ್ಕಳ ಹಿಮ್ಮಡಿ ರಕ್ತ ನಿನ್ನ ಲ್ಯಾಬಿನಿಂದ ಹೋಗಿದೆ ಎಂದು ಆಸ್ಪತ್ರೆಯ ನರ್ಸಕ್ಕ ಹೇಳಿದರು. ನಾಲ್ಕು ಮನೆಗಳಲ್ಲಿ ನನ್ನಂಥ ನಾಲ್ವರು, ನಿನ್ನ ನಂಬರನ್ನೇ ಒತ್ತುತ್ತಾ ಕೂತಿರುತ್ತಾರೆ. ನೀನು ನನ್ನ ಹಾಗೆಯೇ ಅವರಿಗೂ ಸಮಾಧಾನ ಹೇಳುತ್ತೀಯ, ಫೋನ್ ಇಡುವುದಿಲ್ಲ. ನಿನ್ನ ಆ ಗುಣ ಬದಲಾಗುವುದು ನನಗೆ ಬೇಡ. ಅದಕ್ಕೇ ಲೈನು ಬದಲಾಗಬೇಕು.

ಅರ್ಜಿ ಈ ಕಾಗದದ ಜೊತೆಗೇ ಇದೆ. ತುಂಬಿಟ್ಟಿದ್ದೇನೆ. ಅಮ್ಮನ ಹೆಸರಿನ ಮುಂದೆ ಬರೆಯಬೇಕಾದ ಆ ಪದವನ್ನು ನಾನೇ ಬರೆದಿದ್ದೇನೆ, ನೀನು ಬರೆಯಬೇಕಾಗಿಲ್ಲ. ಕೊನೆಯಲ್ಲಿ ಪೆನ್ಸಿಲಿನ ಗುರುತು ಹಾಕಿದ ಕಡೆ ನಿನ್ನ ಸಹಿ ಸಾಕು. ಬುಧವಾರ ಹತ್ತು ಗಂಟೆಗೆ ಲೈನಿನ ಆಕೆಯ ಜೊತೆ ನಾನೂ ಗುಬ್ಬಿಯೂ ಬರುತ್ತೇವೆ. ಸಹಿ ಆಗಿರದಿದ್ದರೆ ಆಗುವವರೆಗೂ ನಿನ್ನ ಸ್ಟೂಲಿನ ಮೇಲೆ ಕೂರುತ್ತೇವೆ. ಗುಬ್ಬಿಗೆ ಈಗ ಮಾತ್ರೆ ಹತ್ತಿದೆ, ಅಳು ಬೀದಿಗೆಲ್ಲ ಕೇಳುವಷ್ಟು ಜೋರಾಗಿದೆ, ನೆನಪಿರಲಿ. ಡ್ರಾಯರಿನ ಬಿಲ್ಲುಗಳನ್ನು ಯಾರೂ ಮುಟ್ಟುವುದಿಲ್ಲ. ಹೊಸ ಲೈನಿನಲ್ಲಿ ಮೊದಲು ಯಾರೇ ಮಾಡಲಿ, ನಾನು “ಏಳು ಎರಡು ಆರು, ಹೇಳಿ” ಎನ್ನುತ್ತೇನೆ. ‘ಬೇಗ’ ಎನ್ನುವುದನ್ನು ಮಾತ್ರ ಬಿಡುತ್ತೇನೆ. ಇನ್ನು ಅದರ ಅಗತ್ಯವಿಲ್ಲ.

ಲ್ಯಾಬಿಗೆ ಫೋನ್ ಮಾಡದೆ ಕಾಗದ ಯಾಕೆ ಬರೆದೆ ಎಂದು ಈಗ ತಿಳಿಯಿತಲ್ಲ? ಈ ಮಾತೆಲ್ಲ ಹೇಳಲು ಅರ್ಧ ಗಂಟೆಯಾದರೂ ಬೇಕಿತ್ತು. ಆ ಅರ್ಧ ಗಂಟೆಯಲ್ಲಿ ಯಾವ ಮಗುವಿನ ವರದಿ ಬಾಗಿಲು ತಟ್ಟಿ ಹೋಗುತ್ತಿತ್ತೋ.

ಬುಧವಾರದ ಮೇಲೆ ನಾನೇ ಮಾಡುತ್ತೇನೆ. ಅಮ್ಮ ಅತ್ತ ಕಥೆಯನ್ನು ಮೊದಲಿನಿಂದ ಇನ್ನೊಂದು ಸಲ ಹೇಳು. ಇಬ್ಬರೂ ಫೋನ್ ಇಡುವುದು ಬೇಡ.

ನಿನ್ನ ಕೈ ನಡುಗದಿರಲಿ, ನಿನ್ನ ಸೂಜಿ ಯಾವತ್ತೂ ಮೊಂಡಾಗದಿರಲಿ.

ಇಂತು, ಶನಿವಾರ ಲೈನ್ ಹಿಡಿದಿದ್ದ
ನಿನ್ನ ಮಗಳು

ಗುಬ್ಬಿಯ ಪರವಾಗಿಯೂ. ಎದ್ದಳು, ಇನ್ನು ಬರೆಯಲು ಬಿಡುವುದಿಲ್ಲ.