ಅಣ್ಣ ತಂದ ಕಡಲೆಕಾಯಿ

ಟಿ. ನರಸೀಪುರ
ಭಾನುವಾರ

ಅತ್ತಿಗೆಗೆ ನಮಸ್ಕಾರ.

ಅಣ್ಣನಿಗೆ ಕಿಡ್ನಿ ಕೊಡಬೇಕಾದರೆ ನಾನು ಇನ್ನೂ ತೂಕ ಇಳಿಸಬೇಕಂತೆ. ಅದಕ್ಕೇ ಸಂಜೆ ಏನೂ ತಿನ್ನದೆ ಇದ್ದರೆ ಡಾಕ್ಟರಮ್ಮ ಬೈದರು. "ಪ್ರೋಟೀನ್ ಬೇಕಲ್ವಾ? ಮೊಳಕೆಕಾಳು, ಮೊಟ್ಟೆ ತಿನ್ನಿ" ಅಂದರು. ತಿಂದು ಸಣ್ಣಗಾಗುವುದು ಹೇಗೋ ನನಗಿನ್ನೂ ಅರ್ಥವಾಗಿಲ್ಲ. ಅಣ್ಣನಿಗೆ ಕಾಳು ಕೂಡದು ಅಂದವರೂ ಅವರೇ.

ನಿನ್ನೆ ಅಣ್ಣ ನಂಜನಗೂಡಿನಿಂದ ಹುರಿದ ಕಡಲೆಕಾಯಿ ತಂದಿದ್ದ. "ಯಾಕವ್ವ ಇಂಗೆ ಸೊರಗೋಗಿದ್ದೀಯೆ? ನಾನಂತೂ ತಿನ್ನಂಗಿಲ್ಲ, ನೀನಾರೂ ತಿನ್ನು" ಅಂತ ಎದುರಿಗೇ ಕೂತ. ಪೊಟ್ಟಣವೆಲ್ಲ ತಿಂದುಬಿಟ್ಟೆ. ಅವನು ನೋಡುತ್ತಲೇ ಇದ್ದ.

ಗುರುವಾರ ಮತ್ತೆ ತೂಕ ನೋಡುತ್ತಾರೆ. ಸರಿಹೋದರೆ, ಕೊಡುವವಳು ನಾನೇ ಎಂದು ಅವನಿಗೆ ನೀವೇ ಹೇಳಿ ಅತ್ತಿಗೆ. ನಾನು ಹೇಳಿದರೆ ಬೇಡ ಅನ್ನುತ್ತಾನೆ.

ನಿಮ್ಮ ನಾದಿನಿ,
ಧನುಶ್ರೀ