ಹಲ್ಲಿನ ಗುರುತಿನ ಆನೆ

ಎರಡನೆಯ ವೈಶಾಖದ ಮೂವತ್ತೇಳನೆಯ ದಿನ, ಕ್ರಿ.ಶ. ೨೩೪೧
ಕೃಷ್ಣೆಯ ದಂಡೆಯ ನೆಲಮನೆಗಳಿಂದ

ಈ ಚದುರಂಗದ ಹಲಗೆಯನ್ನು ಮೊದಲು ಮನೆಗೆ ತಂದ ತಾಯಿಗೆ, ನೀಲಗಂಗಾ ಮಾಡುವ ವಂದನೆಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಬೇಸಿಗೆ ಉದ್ದವಾದಂತೆ ವೈಶಾಖವೂ ಉದ್ದವಾಯಿತು. ಒಂದರಲ್ಲಿ ಹಿಡಿಸದೆ ಎರಡು ಮಾಡಿಕೊಂಡೆವು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಕಲಿತೆ, ಪರೀಕ್ಷೆ ಬರೆದು ಪಾಸೂ ಆದೆ. ಆದರೆ ಆ ಕನ್ನಡದಲ್ಲಿ ಕಳವಳಪಡುವುದು ಹೇಗೆಂದು ಯಾರೂ ಕಲಿಸಲಿಲ್ಲ. ಅದನ್ನು ಈ ಕಾಗದ ಬರೆಯುತ್ತಲೇ ಕಲಿಯುತ್ತಿದ್ದೇನೆ.

ಈಗ ನಡುನಿದ್ದೆಯ ಹೊತ್ತು. ಸೂರ್ಯ ನೆತ್ತಿಗೆ ಬರುವ ಮೊದಲೇ ನಮ್ಮ ಊರು ಭೂಮಿಯೊಳಗೆ ತೋಡಿದ ಕೋಣೆಗಳಿಗೆ ಇಳಿದು, ನೆರಳು ಉದ್ದವಾಗುವವರೆಗೆ ಮಲಗಿಬಿಡುತ್ತದೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಹಿಡಿ ಬಿಸಿಲು ಗೋಡೆಯ ಮೇಲೆ ಬೀಳುತ್ತದೆ. ಮೀನಿನಂತಿರುವ ಆ ಬೆಳಕು ಗೋಡೆಯುದ್ದಕ್ಕೂ ನಿಧಾನವಾಗಿ ಈಜಿ ಮೂಲೆ ಸೇರುವಷ್ಟರಲ್ಲಿ ಎಲ್ಲರೂ ಏಳುತ್ತಾರೆ. ನನ್ನ ಗಂಡ ಯಮನೂರ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ನಾನು ಮೀನನ್ನು ನೋಡುತ್ತ ಕೂತಿದ್ದೇನೆ. ನನ್ನ ಮಗಳು ಮುಗಿಲಿ ಇವತ್ತು ಮೊದಲ ಸಲ ನೀರುಕಟ್ಟೆಯಲ್ಲಿ ಒಬ್ಬಳೇ ಇದ್ದಾಳೆ.

ಹೀಗೆ ಮಗು ಮೊದಲ ಸರದಿಗೆ ಹೋದ ದಿನ ತಾಯಿ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆದು, ಮನೆಯ ಚದುರಂಗದ ಹಲಗೆಯ ಕೆಳಗೆ ಇಡುವುದು ನಮ್ಮ ಪದ್ಧತಿ. ಯಾರು ಓದುತ್ತಾರೆ ಎಂದು ಒಮ್ಮೆ ಕೇಳಿದ್ದೆ. "ಓದ್ತಾರವ್ವ. ಉತ್ತರ ಬರಿಯಾಕ ಮೈಗಳ್ಳತನ, ಅಷ್ಟ," ಎಂದಿದ್ದರು ಚದುರಂಗ ಕಲಿಸುವ ಶಾವಂತ್ರಿ ಆಯಿ.

ನೀರುಕಟ್ಟೆ ಎಂದರೇನೆಂದು ಹೇಳಬೇಕು. ಊರಿಗೆಲ್ಲ ದಿನಕ್ಕೆ ಒಂದೇ ಸಲ ನೀರು. ಸುರಂಗದಾಚೆಯ ಕಟ್ಟೆಯಲ್ಲಿ, ಇಳಿಹೊತ್ತಿನ ನೆರಳು ಗುರುತಿನ ಕಲ್ಲನ್ನು ಮುಟ್ಟಿದಾಗ, ಒಬ್ಬರು ಮಟ್ಟ ನೋಡಿ, ಯಾವ ಓಣಿಗೆ ಮೊದಲು, ಎಷ್ಟು ಹೊತ್ತು ಎಂದು ತೀರ್ಮಾನಿಸಿ ಚಕ್ರ ತಿರುಗಿಸಬೇಕು. ಕೆಟ್ಟ ವರ್ಷಗಳಲ್ಲಿ ಆ ಚಕ್ರಕ್ಕಾಗಿ ದೊಡ್ಡವರು ಬಡಿದಾಡಿ ಸತ್ತರಂತೆ. ಉಳಿದವರು ಕೂತು ಯೋಚಿಸಿ ಕೆಲಸವನ್ನು ಏಳು ತುಂಬಿದ ಮಕ್ಕಳಿಗೆ ಒಪ್ಪಿಸಿದರು. ಆ ವಯಸ್ಸಿನವರಿಗೆ ಇನ್ನೂ ವೈರಿಗಳಿರುವುದಿಲ್ಲ. ಮಗು ಲೆಕ್ಕ ತಪ್ಪಿದರೆ ಒಂದು ಓಣಿ ಒಂದು ದಿನ ಬಾಯಾರುತ್ತದೆ. ಯಾರೂ ಬೈಯುವುದಿಲ್ಲ. ಆದರೆ ಮಗು ಮರೆಯುವುದಿಲ್ಲ.

ನನ್ನ ಮುಗಿಲಿಯಾದರೋ ಎರಡು ರೊಟ್ಟಿ ಮುಂದಿಟ್ಟರೆ ಯಾವುದನ್ನು ಎತ್ತಿಕೊಳ್ಳಲಿ ಎಂದು ಮುಖ ನೋಡುವವಳು. ತಪ್ಪು ಅವಳದಲ್ಲ. ನಮ್ಮ ಮಕ್ಕಳಿಗೆ ಹೆಸರಿಟ್ಟ ದಿನವೇ ಕಿವಿಸಂಗಾತಿ ಕಟ್ಟುತ್ತೇವೆ. ಜೋಳದ ಕಾಳಿನಷ್ಟಿರುವ ಆ ಯಂತ್ರ ಕಿವಿಯ ಹಿಂದೆ ಕೂತು, ಹಾಲು ಬಿಸಿ ಇದೆ ಊದು, ಮೆಟ್ಟಿಲು ಬಂತು ಕಾಲೆತ್ತು ಎಂದು ಪಿಸುಗುಡುತ್ತಿರುತ್ತದೆ. ಕಟ್ಟೆಯ ದಪ್ಪ ಕಲ್ಲಿನೊಳಗೆ ಮಾತ್ರ ಅದು ಮೂಕ. ಆ ಮೌನದಲ್ಲಿ ಮನಸ್ಸು ಚೆದುರದೆ ಕೂತು ಯೋಚಿಸಲು, ಯೋಚಿಸಿದ್ದನ್ನು ಧೈರ್ಯವಾಗಿ ಮಾಡಲು ಕಲಿಯಲೆಂದೇ ಮಕ್ಕಳನ್ನು ಆಯಿಯ ಪಡಸಾಲೆಗೆ ಕಳಿಸುತ್ತೇವೆ.

ಪಡಸಾಲೆಯ ಬಾಗಿಲಲ್ಲಿ ಮರಳು ತುಂಬಿದ ಮಡಕೆ ಇದೆ. ಕಿವಿಸಂಗಾತಿಯನ್ನು ಬಿಚ್ಚಿ ಅದರಲ್ಲಿ ಹೂಳಿ ಒಳಗೆ ಬರಬೇಕು. ಹೊಸ ಮಕ್ಕಳು ಮೌನಕ್ಕೆ ಹೆದರಿ ಅಳುತ್ತವೆ, ಅದಕ್ಕೆ ಬೆನ್ನಾಸರೆ. ಎಂದರೆ ತಾಯಿ ಗೋಡೆಯ ಕಡೆ ಮುಖ ಮಾಡಿ, ಮಗುವಿನ ಬೆನ್ನಿಗೆ ಬೆನ್ನು ಹಚ್ಚಿ ಕೂರುವುದು. ಹಲಗೆ ನೋಡುವಂತಿಲ್ಲ, ಮಾತಾಡುವಂತಿಲ್ಲ, ಬೆಚ್ಚಗಿರಬೇಕು ಅಷ್ಟೇ. ಮಗು ಕಾಯಿಯ ಹೆಸರನ್ನೂ ಇಡುವ ಮನೆಯನ್ನೂ ಗಟ್ಟಿಯಾಗಿ ಹೇಳಿ, ಒಂದು ಉಸಿರು ತಡೆದು, ಆಮೇಲೆ ಕೈ ಹಾಕಬೇಕು. ಆ ಉಸಿರಿನೊಳಗೆ ಮನಸ್ಸು ಬದಲಿಸಬಹುದು. ಸೋತವರಿಗೆ ಶಿಕ್ಷೆ ಇಲ್ಲ, ಜವಾಬ್ದಾರಿ ಇದೆ: ಗೆದ್ದವರ ರಾಜನನ್ನು ಮನೆಗೆ ಕರೆದೊಯ್ದು, ತಮ್ಮ ಪಾಲಿನ ನೀರಿನಲ್ಲಿ ಜಳಕ ಮಾಡಿಸಿ, ಪಕ್ಕದಲ್ಲಿ ಮಲಗಿಸಿಕೊಂಡು, ಬೆಳಿಗ್ಗೆ ತಂದೊಪ್ಪಿಸಬೇಕು.

ಮೊದಲ ದಿನ ಮುಗಿಲಿ, ಮನೆಯಿಂದ ಒಯ್ದ ಹಲಗೆಯ ಬಿಳಿ ಆನೆಯನ್ನು ಬಾಯಲ್ಲಿಟ್ಟುಕೊಂಡಳು. ಬಿಡಿಸಿ ನೋಡಿದರೆ ಆನೆಯ ತಲೆಯ ಮೇಲೆ ಆಗಲೇ ಎರಡು ಪುಟ್ಟ ಹಲ್ಲಿನ ಹಳೆಯ ಗುರುತಿತ್ತು. ಇವಳ ಹಲ್ಲು ಸರಿಯಾಗಿ ಅದರಲ್ಲೇ ಕೂತಿತ್ತು. ಹಲಗೆ ನಿಮ್ಮದು, ಕಾಯಿ ನಿಮ್ಮವು. ಆ ಹಲ್ಲು ನಿಮ್ಮ ಮನೆಯ ಯಾವ ಮಗುವಿನದೋ. ನಿಮಗೆ ಬರೆಯಬೇಕೆಂದು ಅವತ್ತೇ ಅನ್ನಿಸಿತು.

ಆಮೇಲೆ ಅವಳು ಗೆಲ್ಲತೊಡಗಿದಳು. ಸೋಲೆಂಬುದೇ ಇಲ್ಲ. ನೆರೆಮನೆಯ ದ್ಯಾಮು ಪ್ರತಿ ಸಲವೂ ಅವಳ ರಾಜನನ್ನು ಹೊತ್ತು ಮನೆಗೆ ನಡೆದ. ಒಂದು ದಿನ ರೋಸಿ, "ಮುಗಿಲೀ, ನಿಮ್ಮನ್ಯಾಗ ರಾಜಗ ಜಳಕಾ ಮಾಡ್ಸಾಕ ನೀರಿಲ್ಲೇನ? ಒಮ್ಮೆರ ಸೋಲ," ಎಂದ. ನಾನು ಉಬ್ಬಿಹೋದೆ. ಮಗಳಿಗೆ ಏಕಾಗ್ರತೆ ಬಂತು, ಧೈರ್ಯ ಬಂತು ಎಂದು ಕಂಡವರಿಗೆಲ್ಲ ಹೇಳಿದೆ. ಅವಳ ಚಿಂತೆಯಲ್ಲಿ ದೂರವಾಗಿದ್ದ ನಡುನಿದ್ದೆಯೂ ಸ್ವಲ್ಪ ಬರತೊಡಗಿತ್ತು.

ಹಾಗಿರುವಾಗ ಒಂದು ದಿನ ಊಟಕ್ಕೆ ಕೂತಾಗ ಮುಗಿಲಿ ತಲೆ ಎತ್ತದೆ, "ಅವ್ವಾ, ನಾಳೆ ನೀ ಹೊರಗ ಕುಂದ್ರು," ಎಂದಳು.

"ಯಾಕವ್ವ?"

"ನಿನ್ನ ಬೆನ್ನು ಮಾತಾಡ್ತೈತಿ. ನಾ ಕುದುರಿ ಅಂದ್ರ ಗಟ್ಟಿ ಆಗ್ತೈತಿ. ಆನಿ ಅಂದ್ರ ಮೆತ್ತಗಾಗ್ತೈತಿ."

ಯಮನೂರ ನಕ್ಕು ರೊಟ್ಟಿ ಗಂಟಲಿಗೆ ಸಿಕ್ಕಿಸಿಕೊಂಡ. "ಅಂದ್ರ ಇಷ್ಟ ದಿನಾ ದ್ಯಾಮು ಸೋತದ್ದು ನಿನಗ ಅನ್ನು."

ನನಗೆ ನಗು ಬರಲಿಲ್ಲ. ಅವಳೂ ದ್ಯಾಮುವೂ ಹೇಳುವ ಮನೆಗಳನ್ನು ಕೇಳುತ್ತ ಕೇಳುತ್ತ ನಾನು ಗೋಡೆಯ ಮೇಲೆ ಇಡೀ ಹಲಗೆಯನ್ನು ಕಾಣುತ್ತಿದ್ದೆ. ತಪ್ಪು ನಡೆಗೆ ನನ್ನ ಉಸಿರು ನಿಲ್ಲುತ್ತಿತ್ತು, ಸರಿಯಾದದ್ದಕ್ಕೆ ಹೆಗಲು ಇಳಿಯುತ್ತಿತ್ತು. ನನಗದು ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಕಿವಿಯ ಸಂಗಾತಿಯನ್ನು ಮರಳಲ್ಲಿ ಹೂಳಿ, ಬೆನ್ನಿಗೆ ಇನ್ನೊಂದು ಸಂಗಾತಿಯನ್ನು ಕಟ್ಟಿದ್ದೆವು.

ಮರುದಿನ ನಸುಕಿನಲ್ಲಿ ನಾನು ಪಡಸಾಲೆಯ ಹೊರಗೆ ಮಡಕೆಯ ಪಕ್ಕ ಕೂತೆ. ಬೆನ್ನಿಗೆ ತಣ್ಣಗಿನ ಗೋಡೆ. ಮರಳೊಳಗಿನ ಸಂಗಾತಿಗಳು ಜೇನುಹುಳಗಳಂತೆ ಗುಂಯ್‌ಗುಡುತ್ತ ಯಾರೂ ಇಲ್ಲದ ಕಿವಿಗಳಿಗೆ ಬುದ್ಧಿ ಹೇಳುತ್ತಿದ್ದವು. ಬಹಳ ಹೊತ್ತಿನ ಮೇಲೆ ಮುಗಿಲಿ ದ್ಯಾಮುವಿನ ಕರಿ ರಾಜನನ್ನು ಲಂಗದ ಅಂಚಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಮನೆಗೆ ಬಂದು ತನ್ನ ಪಾಲಿನ ನೀರನ್ನು ತೆಂಗಿನ ಚಿಪ್ಪಿಗೆ ಸುರಿದು ಅವನಿಗೆ ಜಳಕ ಮಾಡಿಸಿದಳು. ಇಲ್ಲದ ಕಿವಿಗಳ ಹಿಂದೆಯೂ ಒರೆಸಿದಳು. ನಮ್ಮಿಬ್ಬರ ನಡುವೆ ಮಲಗಿಸಿ, "ಕುದುರಿ ನಾನ ತಪ್ಪು ಇಟ್ಟೆ ಅವ್ವಾ, ನಾನ," ಎಂದಳು. ಗೆದ್ದಾಗ ಅವಳ ದನಿ ಯಾವತ್ತೂ ಹಾಗಿರಲಿಲ್ಲ. ಹೇಳಿದವಳೇ ನಿದ್ದೆಹೋದಳು. ನನ್ನ ನಿದ್ದೆ ಮತ್ತೆ ಹೋಯಿತು.

ಆಮೇಲೆ ಎಷ್ಟೋ ಸೋತಳು, ಒಂದಷ್ಟು ಗೆದ್ದಳು. ಯಾವುದರಲ್ಲೂ ನನ್ನ ಪಾಲಿಲ್ಲ. ಇವತ್ತು ಸುರಂಗದ ಬಾಯಲ್ಲಿ ಕಿವಿಸಂಗಾತಿಯನ್ನು ಬಿಚ್ಚಿ ನನ್ನ ಕೈಗಿಟ್ಟಳು. ಇನ್ನೊಂದು ಮುಷ್ಟಿಯಲ್ಲಿ ನಿಮ್ಮ ಆನೆ ಇತ್ತು.

ಅದಕ್ಕೇ ಈ ಬಿನ್ನಹ. ನಿಮ್ಮ ಕಾಲದಲ್ಲಿ ಈಗ ಆ ಹಲ್ಲಿನ ಗುರುತು ಹಸಿಯಾಗಿರಬಹುದು. ಮಗುವನ್ನು ಗದರಬೇಡಿ. ಆನೆಯನ್ನು ಉಜ್ಜಿ ನುಣುಪು ಮಾಡಬೇಡಿ, ಹೊಸದು ತಂದು ಇದನ್ನು ಎಸೆಯಬೇಡಿ. ಮಗು ಕಾಯಿ ಎತ್ತುವಾಗ ಪಕ್ಕದಲ್ಲಿ ನೀವೂ ಉಸಿರು ಬಿಗಿಹಿಡಿದು ಕೂತಿರುತ್ತೀರಿ, ನನಗೆ ಗೊತ್ತು. ಸ್ವಲ್ಪ ದೂರ ಸರಿಯಿರಿ.

ಬೆಳಕಿನ ಮೀನು ಮೂಲೆ ಮುಟ್ಟಿದೆ. ನೆರಳು ಕಲ್ಲಿಗೆ ಬಂದಿರಬೇಕು. ನಮ್ಮ ಗೋಡೆಯ ನೀರಿನ ಕೊಳವೆ ಇನ್ನೂ ಸುಮ್ಮನಿದೆ. ಯಮನೂರ ಮಗ್ಗುಲು ಬದಲಿಸಿ, "ಬರ್ತೈತಿ ಬಿಡ, ಮಕ್ಕೋ," ಎಂದ. ಅವನೂ ಎಚ್ಚರವಾಗೇ ಇದ್ದ ಹಾಗಾಯಿತು.

ಈಗ ಸದ್ದು. ಮೊದಲು ಕೆಮ್ಮು, ಆಮೇಲೆ ಹರಿವು. ಆದರೆ ನಮ್ಮ ಕೊಳವೆಯಲ್ಲಲ್ಲ. ನೀರು ನಮ್ಮ ಗೋಡೆಯ ಹಿಂದಿನಿಂದಲೇ ದಾಟಿ, ಯಾವಾಗಲೂ ಕಡೆಗೆ ಉಳಿಯುವ ತುದಿ ಓಣಿಯತ್ತ ಓಡುತ್ತಿದೆ. ಅಲ್ಲಿಗೆ ಮೊದಲು ಬಿಟ್ಟವರನ್ನು ನಾನು ಕಂಡಿಲ್ಲ. ಇಲ್ಲಿಗೆ ಉಳಿಯುತ್ತದೋ ಇಲ್ಲವೋ, ಅವಳು ಎಣಿಸಿರಬೇಕು.

ನನ್ನ ಬೆನ್ನು ತಾನಾಗಿ ಬಿಗಿಯಾಯಿತು. ಅದನ್ನು ಓದಲು ಹಿಂದೆ ಯಾರೂ ಇಲ್ಲ.

ಕೊಡವನ್ನು ಕೊಳವೆಯ ಕೆಳಗಿಟ್ಟು ಕಾಯುತ್ತೇನೆ. ನೀವು ಆನೆಯನ್ನು ಜೋಪಾನ ಮಾಡಿ.

ನಿಮ್ಮವಳೇ,
ನೀಲಗಂಗಾ